ಒಲ್ಲೆನೆಂಬ ಮಾತಿಗೆ ಕಿವಿಗೊಡುವುದು

ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಲ್ಲಿ ಆತುರವುಳ್ಳವರೇ ಬಹುಮಂದಿಯಾದುದರಿಂದ, ತಿಮ್ಮರಾಯಸ್ವಾಮಿಯ ಬೆಟ್ಟದ ಮಗ್ಗುಲಲ್ಲಿರುವ ಆವತಿ ಎಂಬ ಊರು ಬಂದುದೂ ಹೋದುದೂ ಅವರ ಗಮನಕ್ಕೆ ಬಾರದು. ಆದರೂ 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದ ಮಲ್ಲಬೈರೇಗೌಡನೂ, 1537ರಲ್ಲಿ ಬೆಂಗಳೂರು ಪೇಟೆಗೆ ಅಸ್ತಿಭಾರವನ್ನಿಟ್ಟ ಯಲಹಂಕದ ಕೆಂಪೇಗೌಡನೂ ಯಾವ ಮನೆತನದ ಕವಲುಗಳೋ ಆ ಮನೆತನವು ಈ ಸೀಮೆಯಲ್ಲಿ ಮೊದಲು ನೆಲೆನಿಂತುದು ಇಲ್ಲಿಯೇ.

ಅದು ಇಲ್ಲಿಗೆ ಬಂದ ಬಗೆಯನ್ನು ಕುರಿತ ಐತಿಹ್ಯವೊಂದುಂಟು, ಬಿ. ಎಲ್. ರೈಸ್ ಅವರ ಮೈಸೂರು ಗೆಝೆಟಿಯರಿನಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ಸುಮಾರು 600 ವರ್ಷಗಳ ಹಿಂದೆ ಕಂಚಿಯ ಸೀಮೆಯಲ್ಲಿದ್ದ ಮೊರಸು ಒಕ್ಕಲಿಗರ ಮನೆಯ ಹೆಣ್ಣುಮಗಳೊಬ್ಬಳನ್ನು ಅನ್ಯಕುಲದ ಪ್ರಬಲನಾದ ಪಾಳೆಯಗಾರನೊಬ್ಬನು ತನಗೆ ಕೊಡಬೇಕೆಂದು ಪಟ್ಟುಹಿಡಿಯಲು, ಕೊಟ್ಟರೆ ಕುಲವುಳಿಯದು, ಕೊಡೆವೆಂದರೆ ತಲೆಯುಳಿಯದು ಎಂಬ ಸಂಕಟಕ್ಕೆ ಸಿಕ್ಕಿದ ಆ ಒಕ್ಕಲುಗಳು ಬಂಡಿ ಕಟ್ಟಿಕೊಂಡು ಊರು ಬಿಟ್ಟು, ನಂದಿಯ ಸಮೀಪದ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ತಂಗಿ, ಕಡೆಗೆ ರಣಭೈರೇಗೌಡನ ಮುಂದಾಳುತನದಲ್ಲಿ ಆವತಿಯಲ್ಲಿ ಬೀಡುಬಿಟ್ಟರಂತೆ. ಇದನ್ನು ಕುಲಗೌರವದ ಕಥೆಯೆಂದು ಹೇಳುವುದು ವಾಡಿಕೆ. ನನಗಾದರೋ ಇದು, ಬಾಯಿಬಿಟ್ಟು ಹೇಳಲಾಗದೆ ಹೋದ ಒಂದು ‘ಒಲ್ಲೆ’ಯ ಕಥೆಯಾಗಿ ತೋರುತ್ತದೆ. ಎದುರಿನವನು ತನ್ನ ಮಾತಿಗೆ ಕಿವಿಗೊಡನೆಂದು ಖಚಿತವಾದ ಮೇಲೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ, ಬಂಡಿ ಕಟ್ಟುತ್ತಾರೆ.

ಬಂಡಿ ಕಟ್ಟುವ ಪದ್ಧತಿ ಇಂದಿಗೂ ನಿಂತಿಲ್ಲ. ಹತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಗುಮಾಸ್ತನು, ಸಾಹೇಬರು ಹೇಳಿದುದಕ್ಕೆಲ್ಲ “ಆಗಲಿ ಸಾರ್” ಎನ್ನುತ್ತಿದ್ದು, ಒಂದು ಸೋಮವಾರ ರಾಜೀನಾಮೆಯನ್ನು ಮೇಜಿನ ಮೇಲಿಟ್ಟು ಹೊರಟುಬಿಡುತ್ತಾನೆ, “ಏನೂ ಹೇಳಿಯೇ ಇರಲಿಲ್ಲವಲ್ಲ!” ಎಂದು ಸಾಹೇಬರು ಬೆರಗಾಗುತ್ತಾರೆ. ಮನೆಯಲ್ಲಿ ಸೊಸೆಯು “ನಿಮ್ಮಿಷ್ಟ, ಅತ್ತೆ” ಎಂದರೆ ಅದು ಸಮ್ಮತಿಯಲ್ಲವೆಂಬುದನ್ನು ನೆರೆಮನೆಯವರು ಕೂಡ ಬಲ್ಲರು, ಅತ್ತೆಗೆ ಮಾತ್ರ ತಿಳಿಯದು. ಹಿರಿಯರ ಮುಖಕ್ಕೆ ಇಲ್ಲವೆನ್ನಬಾರದೆಂಬ ಮರ್ಯಾದೆಯು ನಮ್ಮಲ್ಲಿ ಬಲವಾಗಿರುವುದರಿಂದ, ಅಸಮ್ಮತಿಯು ನಮ್ಮ ಮಾತಿನಲ್ಲಿ ಮುಸುಕು ಹಾಕಿಕೊಂಡೇ ಬರುತ್ತದೆ. ಅದನ್ನು ಗುರುತಿಸುವ ಹೊಣೆ ಕೇಳುವವನದು. ಅಧಿಕಾರವುಳ್ಳವನ ಹೊಣೆಯಂತೂ ಇನ್ನೂ ದೊಡ್ಡದು, ಏಕೆಂದರೆ ಅವನೆದುರಿಗೆ ಮುಸುಕು ಇಮ್ಮಡಿಯಾಗಿರುತ್ತದೆ.

ಈ ವಿದ್ಯೆಗೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅಗ್ರಗಣ್ಯನು. 1957ರಲ್ಲಿ ರಿಚರ್ಡ್ ಫಾರ್ಸನ್ನನೊಡನೆ ಆತನು ಬರೆದ ಕಿರುಹೊತ್ತಗೆಯಿಂದಲೇ ‘ಆ್ಯಕ್ಟಿವ್ ಲಿಸನಿಂಗ್’ ಎಂಬ ಮಾತು ಪ್ರಚಾರಕ್ಕೆ ಬಂದುದು. ಅದಕ್ಕೂ ಕೆಲವು ವರ್ಷಗಳ ಮುಂಚೆ ಆತನು ಸೂಚಿಸಿದ್ದ ಒಂದು ನಿಯಮವು ನೋಡುವುದಕ್ಕೆ ಸುಲಭ, ನಡೆಸುವುದಕ್ಕೆ ದುಷ್ಕರ: ಜಗಳವೆದ್ದಾಗ, ಎದುರಾಳಿಯು ಆಡಿದ ಮಾತಿನ ಅಭಿಪ್ರಾಯವನ್ನು ಅವನೇ ತಲೆದೂಗಿ ಹೌದೆನ್ನುವಂತೆ ಮರಳಿ ಹೇಳಿದ ಹೊರತು, ಯಾರೂ ತಮ್ಮ ಮಾತನ್ನು ಆರಂಭಿಸಕೂಡದು. ಅವನು ಮಾತಾಡುತ್ತಿರುವಾಗ ಉತ್ತರವನ್ನು ಹೊಸೆಯುತ್ತ ಕುಳಿತವನು ಈ ನಿಯಮದೆದುರು ಮೂಕನಾಗುತ್ತಾನೆ. ಹೀಗೆ ಕೇಳುವುದರಲ್ಲಿ ಅಪಾಯವಿದೆಯೆಂದೂ, ಕೇಳಿದವನು ತಾನೇ ಬದಲಾಗಿಬಿಡಬಹುದೆಂದೂ ಆ ಹೊತ್ತಗೆಯು ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಇಂದಿನ ತರಬೇತಿ ಶಿಬಿರಗಳಲ್ಲಿ ಹೇಳುವುದು ವಿರಳ. ಅಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂದೂ ನಡುನಡುವೆ ತಲೆಯಾಡಿಸಬೇಕೆಂದೂ ಬೋಧಿಸುತ್ತಾರೆ. ಹಿರಿಯರ ಮಾತನ್ನು ತಲೆತಗ್ಗಿಸಿ ಕೇಳುವುದೇ ನಡತೆಯೆಂದು ಬೆಳೆದ ನಮ್ಮ ಹಳ್ಳಿಯ ಹುಡುಗನಿಗೆ ಮೊದಲನೆಯದು ಉದ್ಧಟತನ. ಎರಡನೆಯದಕ್ಕೆ, ಅಜ್ಜಿಯ ಕಥೆಗೆ ಹೂಂಗುಟ್ಟಿದವರೆಲ್ಲರೂ ಬಲ್ಲಂತೆ, ಎಚ್ಚರವಿರಲೇಬೇಕೆಂಬ ನಿಯಮವೇನೂ ಇಲ್ಲ.

ವಿದ್ಯೆಯು ನಿಜವಾಗಿ ಕೆಲಸಮಾಡುವುದನ್ನು ನೋಡಬೇಕಾದರೆ 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದ ಕಾರ್ಯಕ್ರಮವನ್ನು ಅರಿಯಬೇಕು. ದಿವಾಣಿ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣದಂತೆ ನ್ಯಾಯಾಲಯವು ಒಪ್ಪಿಸಿದ ವ್ಯಾಜ್ಯಗಳು ಅಲ್ಲಿಗೆ ಬರುತ್ತವೆ. ಮಧ್ಯಸ್ಥರು ತೀರ್ಪು ಕೊಡುವವರಲ್ಲ. ಉಭಯ ಪಕ್ಷದವರನ್ನೂ ಎದುರಿಗೆ ಕೂರಿಸಿಕೊಂಡು, ಒಬ್ಬರ ಮಾತು ಮುಗಿಯುವ ತನಕ ಮತ್ತೊಬ್ಬರು ಬಾಯಿ ಹಾಕದಂತೆ ನೋಡಿಕೊಂಡು, ಕೇಳಿದುದನ್ನು ಬೈಗುಳದ ಕಸರನ್ನು ತೆಗೆದು ಮರಳಿ ಹೇಳುವುದು ಅವರ ಕೆಲಸ; ಅಗತ್ಯ ಕಂಡಾಗ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳುವುದೂ ಉಂಟು, ಆಗ ಆಡಿದ ಮಾತು ಅವರ ಅಪ್ಪಣೆಯಿಲ್ಲದೆ ಎದುರು ಪಕ್ಷಕ್ಕೆ ಮುಟ್ಟದು.

ವಿಮಾನನಿಲ್ದಾಣವು 2008ರಲ್ಲಿ ತೆರೆದ ಮೇಲೆ ಭೂಮಿಗೆ ಬಂಗಾರದ ಬೆಲೆ ಬಂದ ಈ ಸೀಮೆಯಲ್ಲಿ ಅಣ್ಣತಮ್ಮಂದಿರ ಪಾಲಿನ ದಾವೆಗಳಿಗೆ ಬರವಿಲ್ಲವಾದುದರಿಂದ, ಅಂಥದೊಂದನ್ನು ಕಲ್ಪಿಸಿಕೊಳ್ಳೋಣ. ತಮ್ಮನ ಅರ್ಜಿಯಲ್ಲಿರುವುದು ಸರ್ವೆ ನಂಬರು, ಗುಂಟೆ, ಚಕ್ಕುಬಂದಿ. ಆತನು ಅರ್ಧ ಗಂಟೆ ಕೂಗಾಡಿದ ಮೇಲೆ ಮಧ್ಯಸ್ಥರು, “ಹಾಗಾದರೆ ಹಣ ಕಡಮೆಯಾಯಿತೆಂಬುದೇ ನಿಮ್ಮ ದೂರಲ್ಲವೆ?” ಎನ್ನುತ್ತಾರೆ. “ದುಡ್ಡಿನ ಮಾತಲ್ಲ ಸ್ವಾಮಿ. ಅಪ್ಪನ ಹೊಲ ಕ್ರಯಕ್ಕೆ ಹೋಗೋವಾಗ ನಮ್ಮಣ್ಣ ನನ್ನನ್ನೊಂದು ಮಾತು ಕೇಳ್ಲಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕಂಡೋರು ಹೇಳಿ ನಂಗೆ ಗೊತ್ತಾಗಿದ್ದು.” ಮಧ್ಯಸ್ಥರ ಊಹೆ ತಪ್ಪಿತು, ಆದರೆ ಊಹೆಯನ್ನು ಬಾಯಿಬಿಟ್ಟು ಹೇಳಿ ತಿದ್ದಿಸಿಕೊಂಡುದರಿಂದಲೇ ನಿಜವು ಹೊರಬಿತ್ತು. ವಕೀಲರ ಕಾಗದಗಳಲ್ಲೆಲ್ಲಿಯೂ ಇಲ್ಲದ ಆ ವಾಕ್ಯವನ್ನು ಅಣ್ಣನು ಕೇಳಿಸಿಕೊಂಡನೆಂದರೆ ಗುಂಟೆಯ ಲೆಕ್ಕಕ್ಕೆ ದಾರಿ ತಾನಾಗಿ ಬಿಡುತ್ತದೆ. ಎಲ್ಲ ವ್ಯಾಜ್ಯವೂ ಹೀಗೆ ಮುಗಿಯುವುದೆಂದು ನಾನು ಹೇಳೆನು. ಮೋಸ ಮಾಡಿಯೇ ತೀರುವೆನೆಂದು ನಿಶ್ಚಯಿಸಿದವನೆದುರು ಎಷ್ಟು ಸಹಾನುಭೂತಿಯಿಂದ ಕುಳಿತರೂ ವ್ಯರ್ಥವೇ ಸರಿ; ಅವನಿಗೆ ನ್ಯಾಯಾಧೀಶರೇ ತಕ್ಕವರು.

ಸರ್ಕಾರವೂ ಕೇಳುಗನೇ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಪಂಚಾಯತ್ ರಾಜ್ ಕಾನೂನು ವಿಧಿಸಿದೆ. ನಡಾವಳಿ ಪುಸ್ತಕದಲ್ಲಿ ಸಹಿ ಬಿದ್ದೊಡನೆ ಸಭೆ ಮುಗಿಯಿತೆಂದು ಭಾವಿಸುವ ಊರುಗಳೂ ಉಂಟು. ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ, ಕೈಗಾರಿಕೆಗೆಂದು 13 ಗ್ರಾಮಗಳ 1,777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರವು ಹೊರಟಾಗ, ಭೂಮಿಯನ್ನು ಕೊಡೆವೆಂದು ರೈತರು 2022ರ ಏಪ್ರಿಲ್ 4ರಂದು ಧರಣಿ ಕುಳಿತರು. ಅವರ ಮಾತಿಗೆ ಮುಸುಕಿರಲಿಲ್ಲ. ಆವತಿಯ ಪೂರ್ವಿಕರಂತೆ ಅವರು ಬಂಡಿಯನ್ನೂ ಕಟ್ಟಲಿಲ್ಲ, ಕುಳಿತಲ್ಲಿಂದ ಏಳಲಿಲ್ಲ. ನಡುವೆ 495 ಎಕರೆಯನ್ನು ಬಿಡುತ್ತೇವೆಂಬ ಉತ್ತರ ಬಂದುದು, ಕೇಳುವವನು ತನಗೆ ಒಗ್ಗಿದಷ್ಟನ್ನೇ ಕೇಳಿಸಿಕೊಂಡುದರ ಗುರುತು. ಕಡೆಗೆ 2025ರ ಜುಲೈ 15ರಂದು, ರೈತರ ಪ್ರತಿನಿಧಿಗಳೊಡನೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಪೂರ್ಣವಾಗಿ ಕೈಬಿಟ್ಟುದಾಗಿ ಪ್ರಕಟಿಸಿದರು; ತಾವಾಗಿಯೇ ಕೊಡಬಯಸುವವರಿಗೆ ದಾರಿಯನ್ನು ಮುಚ್ಚಲಿಲ್ಲ. ಒಂದು ‘ಒಲ್ಲೆ’ಯು ವಿಧಾನಸೌಧದ ಕಿವಿಯನ್ನು ಮುಟ್ಟಲು 1,198 ದಿನಗಳು ಹಿಡಿದವು. ಮುಟ್ಟಿತಲ್ಲ ಎಂಬುದು ಸಂತೋಷದ ವಿಷಯ. ಹಿಡಿದ ಕಾಲವು ಸಂತೋಷಪಡತಕ್ಕುದಲ್ಲ.

ಓದುಗರಲ್ಲಿ ಯಾರಿಗಾದರೂ ಒಡಹುಟ್ಟಿದವರೊಡನೆಯೋ ನೆರೆಹೊರೆಯವರೊಡನೆಯೋ ದಿವಾಣಿ ದಾವೆ ನಡೆಯುತ್ತಿದ್ದರೆ, ಅದನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂದು ವಕೀಲರ ಮೂಲಕ ನ್ಯಾಯಾಲಯವನ್ನೇ ಕೋರಬಹುದು. ಅಲ್ಲಿ ಆಡಿದ ಮಾತು ಗೋಪ್ಯವಾಗಿ ಉಳಿಯುತ್ತದೆ. ರಾಜಿಯಾಗದಿದ್ದರೆ ದಾವೆಯು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮುಂದಿನ ವಾಯಿದೆಗೆ ಹೋದಾಗ ಒಮ್ಮೆ ವಿಚಾರಿಸಿ ನೋಡಿ.