ಕೈತುಂಬ ಪತ್ರಿಕೆ, ಕೊರಳಿಗೆ ಗುರುತಿನ ಚೀಟಿ

ಮುಂಜಾನೆಯ ಮೊದಲ ಬಸ್ಸುಗಳು ಹೊರಡುವ ಹೊತ್ತಿಗೆ ಕಲಬುರಗಿ ಬಸ್ ನಿಲ್ದಾಣದಲ್ಲಿ ಪತ್ರಿಕೆಗಳ ಕಟ್ಟುಗಳು ಬಿಚ್ಚಿಕೊಳ್ಳುತ್ತವೆ. ಹುರಿ ಕತ್ತರಿಸುವವರು, ಪುರವಣಿ ಸೇರಿಸುವವರು, ಎಣಿಸಿ ಸೈಕಲ್ಲಿಗೆ ಹೇರುವವರು. ಕಮಲಾಪುರ, ಹುಮನಾಬಾದ್ ಕಡೆಯ ಬಸ್ಸಿನ ಕಿಟಕಿಗಳ ಉದ್ದಕ್ಕೂ ಕೂಗು ಸಾಗುತ್ತದೆ: "ಪೇಪರ್ರೀ ಪೇಪರ್..."

ಅಲ್ಲೇ ಕಟ್ಟೆಯ ಮೇಲೆ ಚಾದರ ಹೊದ್ದು ರಾತ್ರಿ ಕಳೆದವರೂ ಏಳುತ್ತಾರೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಊರು ಬಿಟ್ಟವರು, ಮನೆಯವರಿಗೆ ಬೇಡವಾದ ಮುದುಕರು. ಒಬ್ಬ ಅಜ್ಜ ಕಿಟಕಿಗೆ ಕೈಯೊಡ್ಡಿದರೆ ಒಳಗಿನ ಮುಖ ಆಚೆ ತಿರುಗುತ್ತದೆ. ಮರುಗಳಿಗೆಯಲ್ಲೇ ಅದೇ ಮುಖ ಹೊರಗೆ ಬಾಗಿ ಕೇಳುತ್ತದೆ: "ತಮ್ಮಾ, ಸುಧಾ ಬಂದದೇನು?" "ಬಂದದ್ರಿ ಅಕ್ಕಾರ." ಮಾರುವ ಹುಡುಗನಿಗೆ ಸಿಕ್ಕ ಈ ಎರಡು ಮಾತು ಅಜ್ಜನಿಗೆ ದಿನವಿಡೀ ಸಿಗುವುದಿಲ್ಲ. ನನ್ನನ್ನು ಕಾಡುವುದು ಇದೇ.

ಈ ಮಾತನ್ನೇ ದುಡಿಮೆಯಾಗಿಸಿದ ಪತ್ರಿಕೆಗಳು ಹೊರನಾಡಿನಲ್ಲಿವೆ. ನ್ಯೂಯಾರ್ಕಿನಲ್ಲಿ 1989ರಲ್ಲಿ ಮನೆಯಿಲ್ಲದವರೇ ಮಾರುವ 'ಸ್ಟ್ರೀಟ್ ನ್ಯೂಸ್' ಬಂತು. ಅದನ್ನು ಕಂಡ ಉದ್ಯಮಿ ಗಾರ್ಡನ್ ರಾಡಿಕ್, ಎಳವೆಯಲ್ಲಿ ತಾನೇ ಬೀದಿಯಲ್ಲಿ ಮಲಗಿದ್ದ ಜಾನ್ ಬರ್ಡ್ ಜೊತೆಗೂಡಿ 1991ರಲ್ಲಿ ಲಂಡನ್ನಿನಲ್ಲಿ 'ದಿ ಬಿಗ್ ಇಶ್ಯೂ' ತೆಗೆದರು. ಮನೆಯಿಲ್ಲದವರು ಮುಖಬೆಲೆಯ ಅರ್ಧ ಕೊಟ್ಟು ಪ್ರತಿ ಕೊಳ್ಳುತ್ತಾರೆ, ಪೂರ್ತಿ ಬೆಲೆಗೆ ಮಾರುತ್ತಾರೆ. ಹೊಸಬರಿಗೆ ಮೊದಲ ಕೆಲವು ಪ್ರತಿ ಪುಕ್ಕಟೆ. ಆಮೇಲೆ ಎಷ್ಟು ಎತ್ತಬೇಕೆಂದು ಅವರೇ ಲೆಕ್ಕ ಹಾಕಬೇಕು, ಉಳಿದ ಪ್ರತಿಯ ನಷ್ಟ ಅವರದೇ. ಇದು ಕಠಿಣವೆನಿಸಬಹುದು. ಆದರೆ ಲಾಭ-ನಷ್ಟ ತನ್ನದಾದಾಗಲೇ ಮನುಷ್ಯ ವ್ಯಾಪಾರಿಯಾಗುತ್ತಾನೆ ಎಂದು ನಾನು ನಂಬುತ್ತೇನೆ. ಕೊರಳಲ್ಲಿ ಗುರುತಿನ ಚೀಟಿ, ನಿಲ್ಲಲು ಗೊತ್ತಾದ ಒಂದು ಮೂಲೆ. ದಿನವೂ ಅಲ್ಲೇ ನಿಂತವನನ್ನು ದಾರಿಹೋಕರು ಹೆಸರು ಹಿಡಿದು ಮಾತಾಡಿಸತೊಡಗುತ್ತಾರೆ. ಒಂದು ದಿನ ಕಾಣದಿದ್ದರೆ ವಿಚಾರಿಸುತ್ತಾರೆ. ಮಾರುವುದಷ್ಟೇ ಅಲ್ಲ, ಬೀದಿ ಮಕ್ಕಳೇ ಸುದ್ದಿ ತರುವ ಪತ್ರಿಕೆಯೂ ಇದೆ: ದೆಹಲಿಯ 'ಬಾಲಕನಾಮಾ', ನಮ್ಮ ದೇಶದ್ದೇ, 2003ರಿಂದ ನಡೆದಿದೆ.

ನಮ್ಮಲ್ಲೂ ನೆಲ ಹದವಾಗಿದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಮಾಣಪತ್ರ, ಗುರುತಿನ ಚೀಟಿ ಎರಡನ್ನೂ ಕೊಡುತ್ತದೆ. ಓದುಗರು ಬೇಕೆಂದರೆ ಇದೇ ಊರಿನ ವಿಶ್ವವಿದ್ಯಾಲಯದ ಮಗ್ಗುಲಿನ ಕುಸನೂರಿಗೆ ಬನ್ನಿ. ಸಂಜೆಗೆ ಬಿಸಿಲಿಳಿದರೆ ರೂಮುಗಳಿಂದ ಹುಡುಗರು ಹೊರಬರುತ್ತಾರೆ. ಸುಸಲಾ, ಮಿರ್ಚಿ ಭಜಿ, ಚಹಾದ ಗಾಡಿಗಳ ಸುತ್ತ ಪಿಡಿಒ, ಪಿಎಸ್ಐ ಪರೀಕ್ಷೆಗಳದೇ ಮಾತು. ಪ್ರಚಲಿತ ವಿದ್ಯಮಾನದ ಪುಸ್ತಿಕೆ ಒಂದೇ ಇದ್ದರೂ ನಾಲ್ಕು ಕೈ ದಾಟುತ್ತದೆ.

ಬಸ್ ನಿಲ್ದಾಣದ ಆ ಅಜ್ಜ ಈ ಗಾಡಿಗಳ ಪಕ್ಕ ನಿಂತು, ಹತ್ತು ರೂಪಾಯಿಗೆ ತಂದ ವಾರಪತ್ರಿಕೆಯನ್ನು ಇಪ್ಪತ್ತಕ್ಕೆ ಮಾರಿದರೆ? ಹತ್ತು ಪ್ರತಿ ಹೋದರೆ ನೂರು ರೂಪಾಯಿ ಊಟಕ್ಕೆ, ನೂರು ನಾಳೆಯ ಬಂಡವಾಳಕ್ಕೆ. ಒಂದೇ ಷರತ್ತು, ಪತ್ರಿಕೆ ಓದುವಂತಿರಬೇಕು. ಕನಿಕರಕ್ಕೆ ಕೊಳ್ಳುವ ಹುಡುಗ ಒಮ್ಮೆ ಕೊಳ್ಳುತ್ತಾನೆ. ಮುಂದಿನ ವಾರ ಅವನು ಅಜ್ಜನನ್ನು ಹುಡುಕಿಕೊಂಡು ಬರಬೇಕೆಂದರೆ, ಪರೀಕ್ಷೆಗೆ ಬೇಕಾದದ್ದು, ತೊಗರಿಯ ದರ, ಈ ಊರಿನ ಬದುಕು ಎಲ್ಲವೂ ಅದರಲ್ಲಿರಬೇಕು.