ಐವತ್ತೇಳರಲ್ಲಿ ಓನಾಮ

ಐದನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಗೆಡ್ಡೆಗಳು ಎಲ್ಲಿ ಬೆಳೆಯುತ್ತವೆ?’ ಎಂದು ನಾನೊಂದು ಪ್ರಶ್ನೆ ಕೇಳಿದ್ದೆ. ಒಂದೇ ಅಂಕದ ಪ್ರಶ್ನೆ. ತರಗತಿಯೆಲ್ಲ ‘ನೆಲದೊಳಗೆ’ ಎಂದು ಬರೆದಿತ್ತು. ಒಬ್ಬ ಹುಡುಗಿ ಮಾತ್ರ ‘ನೆಲದೊಳಗೆ ಮತ್ತು ಮರದ ಮೇಲೆ’ ಎಂದು ಬರೆದಿದ್ದಳು. ಕೆಂಪು ಶಾಯಿಯಿಂದ ಅದನ್ನು ತಪ್ಪೆಂದು ಗುರುತಿಸಿದೆ. ಜೂನ್ ತಿಂಗಳಿನಿಂದ ತುಟಿ ಬಿಚ್ಚದೆ ಕುಳಿತಿದ್ದ ಆಕೆಯನ್ನು ನಾನು ಮನಸ್ಸಿನಲ್ಲಿಯೇ ಮಂದಬುದ್ಧಿಯವರ ಯಾದಿಗೆ ಸೇರಿಸಿಯಾಗಿತ್ತು. ಈ ಉತ್ತರವು ಅದಕ್ಕೆ ಸಾಕ್ಷಿಯಾಗಿ ಒದಗಿತು.

ಜನವರಿಯಲ್ಲಿ ಜೋಯಿಡಾದ ಗೆಡ್ಡೆ-ಗೆಣಸಿನ ಮೇಳವನ್ನು ನೋಡಲು ಹೋದೆ. ಕುಣಬಿ ಹೆಂಗಸರು ತಮ್ಮ ಹಿತ್ತಿಲುಗಳಲ್ಲಿ ಬೆಳೆದದ್ದನ್ನು ರಾಶಿ ಹಾಕಿಕೊಂಡು ಕುಳಿತಿದ್ದರು. ಕೋನ, ಮುಡ್ಲಿ, ಕಣಗ, ಇನ್ನೂ ನನ್ನ ನಾಲಗೆಗೆ ಹೊರಳದ ಹಲವು ಹೆಸರುಗಳು. ಒಂದು ಬುಟ್ಟಿಯಲ್ಲಿ ಬಟಾಟೆಯಂತಹ ಕಾಯಿಗಳಿದ್ದವು. ಅದರ ಹೆಸರು ‘ಝಾಡ ಕಣಗ’ ಎಂದರು. ಝಾಡವೆಂದರೆ ಮರ. ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ, ಎಲೆಯ ತೊಟ್ಟಿನ ಬುಡದಲ್ಲಿ, ಮಣ್ಣು ಸೋಕದೆ ಗಾಳಿಯಲ್ಲಿ ತೂಗಾಡುತ್ತ ಬೆಳೆಯುವ ಗೆಡ್ಡೆಯಿದು! ಕೆಂಪು ಶಾಯಿಯ ನೆನಪಾಗಿ, ನಿಂತಲ್ಲಿಯೇ ನನ್ನ ಮುಖ ಬಿಸಿಯಾಯಿತು.

ಗಣೇಶಗುಡಿಯನ್ನು ನೋಡಿದ ಓದುಗರಿಗೆ ಅದು ಅಣೆಕಟ್ಟಿನ ಊರೆಂದೇ ಪರಿಚಯ. ಕಾಳಿ ನದಿಗೆ ಅಡ್ಡಲಾಗಿ ನಿಂತ ಸೂಪಾ ಅಣೆಕಟ್ಟು 101 ಮೀಟರು ಎತ್ತರ, 1987ರಲ್ಲಿ ಪೂರ್ಣಗೊಂಡಿತು. ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ಸೂಪಾ ಪಟ್ಟಣ ಅದರ ಹಿನ್ನೀರಿನಲ್ಲಿ ಮುಳುಗಿಹೋಗಿ, ತಾಲೂಕಿನ ಹೆಸರೂ ಜೋಯಿಡಾ ಎಂದಾಯಿತು. ಕಟ್ಟಲು ಬಂದವರು, ಕಾಯಲು ಬಂದವರು, ಮೊದಲಿನಿಂದಲೂ ಕಾಡಿನಂಚಿನಲ್ಲಿ ಇದ್ದವರು, ಎಲ್ಲರ ಮಕ್ಕಳೂ ನನ್ನ ಮುಂದೆ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಹಾಜರಿ ಕೂಗಿದರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಮನೆಗಳೆಲ್ಲ ‘ಹಾಜರ್’ ಎನ್ನುತ್ತವೆ. ನಾನು ಧಾರವಾಡದ ಕಡೆಯ ಬಯಲಿನವನು. ವಯಸ್ಸು ಐವತ್ತೇಳು, ನಿವೃತ್ತಿಗೆ ಇನ್ನು ಮೂರು ವರ್ಷ. ಕಲಿಯಬೇಕಾದುದನ್ನೆಲ್ಲ ಕಲಿತಾಯಿತು, ಇನ್ನು ಕಲಿಸಿದರಾಯಿತು ಎಂಬ ನೆಮ್ಮದಿಯಲ್ಲಿದ್ದೆ. ಬಟಾಟೆಯಷ್ಟು ದಪ್ಪದ ಒಂದು ಗೆಡ್ಡೆ ಅದನ್ನು ಕೆಡಿಸಿತು.

ಈಗ ಮೊದಲು ಕಲಿಯಬೇಕೆಂದಿರುವುದು ಆ ಹುಡುಗಿಯ ಮನೆಮಾತು. ಹನ್ನೊಂದು ವರ್ಷ ಇಲ್ಲಿದ್ದೂ ನಾನು ಕುಣಬಿಗಳ ಕೊಂಕಣಿಯನ್ನು ಕಿವಿಯ ಮೇಲೆ ಹಾಕಿಕೊಂಡವನಲ್ಲ. ಆ ಮಕ್ಕಳು ನೀರಿಗೆ ‘ಉದಕ’ ಎನ್ನುತ್ತಾರೆ. ನಾವು ತರ್ಪಣ ಬಿಡುವಾಗಲಷ್ಟೇ ನೆನೆಯುವ ಮಾತು ಅವರ ಮನೆಯ ಬಿಂದಿಗೆಯಲ್ಲಿ ದಿನವೂ ತುಂಬಿರುತ್ತದೆ. ‘ನೀರು’ ಎಂದು ಕರಿಹಲಗೆಯ ಮೇಲೆ ಬರೆದು, ಸುಮ್ಮನಿದ್ದ ಮಗುವನ್ನು ದಡ್ಡನೆಂದು ತಿಳಿದ ದಿನಗಳೆಷ್ಟು ಕಳೆದುವೋ! ಬಾಯಿಗೆ ಮಾತು ಬಾರದ್ದಕ್ಕೂ ತಲೆಯಲ್ಲಿ ಏನೂ ಇಲ್ಲದ್ದಕ್ಕೂ ಇರುವ ಅಂತರವನ್ನು ನನಗೆ ಯಾವ ತರಬೇತಿಯೂ ತಿಳಿಸಿರಲಿಲ್ಲ. ಅಥವಾ ತಿಳಿಸಿದಾಗ ನಾನು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದೆನೋ ಏನೋ.

ಎರಡನೆಯದು ಗೆಡ್ಡೆಯ ವಿದ್ಯೆ. ಬಳ್ಳಿಯನ್ನು ನೋಡಿಯೇ ಕೆಳಗೇನಿದೆಯೆಂದು ಹೇಳಬೇಕು; ಪೆಟ್ಟಾಗದಂತೆ ಅಗೆಯಬೇಕು; ಬೀಜಕ್ಕೆ ಎಷ್ಟನ್ನು ಉಳಿಸಬೇಕೆಂದು ತಿಳಿದಿರಬೇಕು. ಕಾಡುಗೆಣಸುಗಳಲ್ಲಿ ಕೆಲವು ಕಹಿ, ಕೆಲವು ವಿಷ; ಹೆಚ್ಚಿ, ಬೇಯಿಸಿ, ಹರಿಯುವ ನೀರಿನಲ್ಲಿ ನೆನೆಸಿದ ಬಳಿಕವೇ ತಿನ್ನಲು ಯೋಗ್ಯ. ಇಲ್ಲಿ ತಪ್ಪು ಮಾಡಿದರೆ ಒಂದು ಅಂಕ ಹೋಗುವುದಿಲ್ಲ, ಹೊಟ್ಟೆಯೇ ಕೆಡುತ್ತದೆ. ಇಂತಹ ಪರೀಕ್ಷೆಯಲ್ಲಿ ತಲೆಮಾರುಗಳಿಂದ ತೇರ್ಗಡೆಯಾದ ಅಜ್ಜಿಯರು ನಮ್ಮ ಜನಗಣತಿಯ ಪುಸ್ತಕದಲ್ಲಿ ಅನಕ್ಷರಸ್ಥರು.

ಮಂಗಟ್ಟೆ ಹಕ್ಕಿಗಳ ಗುರುತು ಹಿಡಿಯಲೂ ಆಸೆಯಿದೆ. ದಾಂಡೇಲಿಯ ಸುತ್ತಿನ ಕಾಡುಗಳಲ್ಲಿ ಅವು ನಾಲ್ಕು ಜಾತಿ. ನನಗೋ ಎಲ್ಲವೂ ದೊಡ್ಡ ಕೊಕ್ಕಿನ ಹಕ್ಕಿಗಳೇ. ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವಾಗ, ಗಂಡು ಕಿರಿದಾದ ಸೀಳಿನಿಂದ ಹಣ್ಣು ತಂದು ಉಣಿಸುವುದನ್ನು ಪಾಠ ಹೇಳಿದ್ದೇನೆ, ಕಣ್ಣಾರೆ ಕಂಡಿಲ್ಲ. ಈಜಿನ ಮಾತಂತೂ ಬೇಡ. ಕಾಳಿಯ ದಂಡೆಯಲ್ಲಿದ್ದೂ ಮೊಳಕಾಲಿನ ಮೇಲೆ ನೀರು ಬಂದರೆ ದೇವರ ನೆನಪಾಗುತ್ತದೆ. ಪ್ರವಾಸಿಗರನ್ನು ರಬ್ಬರು ದೋಣಿಯಲ್ಲಿ ಕೂರಿಸಿ ಆ ಸೆಳವಿನಲ್ಲಿ ಕರೆದೊಯ್ಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸರ್, ನೀವು ಬನ್ನಿ, ನಾನು ಹೊಡೆಯದೇ ಕಲಿಸುತ್ತೇನೆ” ಎನ್ನುತ್ತಾನೆ. ಆ ‘ಹೊಡೆಯದೇ’ ಎಂಬ ಮಾತು ಯಾರಿಗೆಂದು ನನಗೆ ಗೊತ್ತು.

ಇದು ಹೊಸ ಹುಚ್ಚೇನೂ ಅಲ್ಲ. ಡಾ. ಎಚ್. ನರಸಿಂಹಯ್ಯನವರು 1946ರಿಂದ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು. ಎಷ್ಟೋ ವರ್ಷಗಳ ಪಾಠದ ಬಳಿಕ ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು 1960ರಲ್ಲಿ ಡಾಕ್ಟರೇಟ್ ಪಡೆದು ಬಂದರು. ನಮ್ಮಂತೆಯೇ ಕಾಡು ಮತ್ತು ಅಣೆಕಟ್ಟಿನ ನಡುವಿರುವ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಿಕ್ಷಕರು 1995ರ ಸುಮಾರಿಗೆ ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು ಹೊಸ ಬೋಧನಾಕ್ರಮವನ್ನೇ ಹೆಣೆದರು. ಅದೇ ಇಂದಿನ ‘ನಲಿ-ಕಲಿ’. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕೆನ್ನುತ್ತದೆ. ಅಜ್ಜಿಯ ಹಿತ್ತಿಲಲ್ಲಿ ಕಳೆದ ಗಂಟೆಗಳು ಆ ಲೆಕ್ಕಕ್ಕೆ ಬರುವುವೋ, ಬಲ್ಲವರೇ ಹೇಳಬೇಕು.

ಮೇಳ ಮುಗಿದ ಭಾನುವಾರ ಆ ಹುಡುಗಿಯ ಮನೆಗೆ ಹೋದೆ. ಅಜ್ಜಿ ಗುದ್ದಲಿ ಕೊಟ್ಟಳು. ಮೂರನೆಯ ಏಟಿಗೇ ಒಂದು ಕೋನಗೆಡ್ಡೆಯನ್ನು ನಡುವೆ ಸೀಳಿಬಿಟ್ಟೆ. ಅಜ್ಜಿ ಏನೋ ಹೇಳಿದಳು. “ಏನಂದಳಮ್ಮ?” ಎಂದು ಕೇಳಿದೆ. ಹುಡುಗಿ ನೆಲ ನೋಡುತ್ತ, “ಮಾಸ್ತರರಿಗೆ ಅವಸರ ಬಹಳ ಅಂತೆ, ಸರ್” ಎಂದಳು. ಜೂನ್ ತಿಂಗಳ ನಂತರ ಆಕೆ ನನ್ನೊಡನೆ ಆಡಿದ ಮೊದಲ ಪೂರ್ಣ ವಾಕ್ಯ ಅದು. ಆಮೇಲೆ ಅವಳು ತಡೆಯಲಿಲ್ಲ. ಒಂದೊಂದು ಬಳ್ಳಿಯ ಹೆಸರನ್ನೂ ನನ್ನಿಂದ ಮೂರು ಮೂರು ಸಲ ಹೇಳಿಸಿ, ತಪ್ಪಿದಲ್ಲಿ ನಗದೆ ತಿದ್ದಿದಳು. ಆ ನಗದಿರುವ ವಿದ್ಯೆಯನ್ನು ಆಕೆ ನನ್ನಿಂದಂತೂ ಕಲಿತಿರಲಿಲ್ಲ.

ಸೋಮವಾರ ಹಳೆಯ ಉತ್ತರಪತ್ರಿಕೆಯನ್ನು ಹುಡುಕಿ ತೆಗೆದು, ತಪ್ಪಿನ ಗುರುತಿನ ಮೇಲೆ ಸರಿಯ ಗುರುತು ಹಾಕಿ, ಎಲ್ಲರ ಮುಂದೆ ಅವಳಿಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು.

“ಹಾಗಾದರೆ ಸರ್, ಈಗ ನನ್ನ ಒಟ್ಟು ಅಂಕ ಎಷ್ಟಾಯಿತು?”