ಕೊನೆಗೆ ಕಟ್ಟುವ ಗಂಟು

ಬೆಂಗಳೂರಿನ ದಕ್ಷಿಣ ಭಾಗವನ್ನು ಮನೆ ಬದಲಿಸಿದವರ ಊರು ಎಂದು ಕರೆದರೆ ತಪ್ಪಾಗಲಾರದು. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟವರಿಂದ ಬಸವನಗುಡಿ ತುಂಬಿಕೊಂಡಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಕೂಡಿಸಿ ಬಿ.ಟಿ.ಎಂ. ಬಡಾವಣೆ. ಇಲ್ಲಿ ‘ನಾವು ಹಳಬರು’ ಎನ್ನುವವರ ಮನೆಯಲ್ಲೂ ಎರಡು ಮೂರು ತಲೆಮಾರಿನ ಹಿಂದೆ ಯಾರೋ ಪಾತ್ರೆ ಪಡಗ ಮೂಟೆ ಕಟ್ಟಿಕೊಂಡು ಬಂದವರೇ.

ಬಾಡಿಗೆಯವರ ಪಾಡಂತೂ ಹೇಳುವುದೇ ಬೇಡ. ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿಕೊಂಡ ಲೆಕ್ಕವಿದು. ಇನ್ನು ಮುಂಗಡ. ಹತ್ತು ತಿಂಗಳ ಬಾಡಿಗೆ ಕೇಳುವುದು ಈ ಊರಿನ ಹಳೆಯ ರೂಢಿ. ಹಳೆಯ ಮನೆಯ ಹಣ ಕೈಗೆ ಬಂದರೆ ತಾನೇ ಹೊಸ ಮನೆಗೆ ಕೊಡುವುದು? ಮಾಲೀಕರೋ ಸಾಮಾನು ಹೊರಗೆ ಹೋಗಿ, ಗೋಡೆಯ ಮೊಳೆ ಎಣಿಸಿದ ಮೇಲೆಯೇ ಕೊಡುವವರು. ಎಷ್ಟೋ ಮನೆಗಳಲ್ಲಿ ಸಾಮಾನು ಕಟ್ಟುವ ದಿನ ಗೃಹಸ್ಥರ ಮುಖ ಬಾಡಿರುವುದಕ್ಕೆ ಧೂಳೊಂದೇ ಕಾರಣವಲ್ಲ.

ಸಾಮಾನು ಕಟ್ಟುವುದಕ್ಕೆ ಒಂದು ಕ್ರಮವಿದೆ. ಅಟ್ಟದ ಮೇಲಿನದು ಮೊದಲು, ದಿನಬಳಕೆಯದು ಕೊನೆಗೆ. ಇದು ಎಲ್ಲ ಕಡೆಯೂ ಹಾಗೆಯೇ. ನಮ್ಮಲ್ಲಿ ಇದರ ಜೊತೆಗೆ ಬೇರೊಂದು ಗಂಟಿದೆ. ಎಲ್ಲಕ್ಕಿಂತ ಕೊನೆಗೆ ಕಟ್ಟುವುದು, ಎಲ್ಲಕ್ಕಿಂತ ಮೊದಲು ಹೊಸ ಮನೆಯ ಹೊಸ್ತಿಲು ದಾಟಬೇಕಾದದ್ದು. ದೇವರ ಪಟ, ದೀಪ, ಅರಿಸಿನ ಕುಂಕುಮ, ತುಂಬಿದ ಬಿಂದಿಗೆ, ಉಪ್ಪು, ಅಕ್ಕಿ, ಬೇಳೆ, ಬೆಲ್ಲ, ಹಾಲು ಉಕ್ಕಿಸುವ ಪಾತ್ರೆ. ಮನೆಯಿಂದ ಮನೆಗೆ ಪಟ್ಟಿಯಲ್ಲಿ ಒಂದೆರಡು ಹೆಚ್ಚು ಕಡಿಮೆ ಇದ್ದೀತು. ಉಪ್ಪು ಲಕ್ಷ್ಮಿ ಎಂಬ ನಂಬಿಕೆಯಿಂದ ಅದನ್ನು ಬಿಡುವವರು ಕಡಿಮೆ.

ಈಗ ಈ ಪಟ್ಟಿಯನ್ನು ಶಾಸ್ತ್ರ ಮರೆತು ಓದಿನೋಡಿ. ಕತ್ತಲಾಗುವ ಹೊತ್ತಿಗೆ ಬರಿದಾದ ಮನೆಗೆ ಬಂದಿಳಿದವರಿಗೆ, ಮಿಕ್ಕದ್ದೆಲ್ಲ ಗೋಣಿಚೀಲ ರಟ್ಟಿನ ಪೆಟ್ಟಿಗೆಗಳಲ್ಲಿ ಹುದುಗಿರುವಾಗ, ತಕ್ಷಣ ಬೇಕಾಗುವುದು ಬೆಳಕು, ಕುಡಿಯುವ ನೀರು, ಒಂದು ಹೊತ್ತಿನ ಊಟ. ಅಂಗಡಿ ಹತ್ತಿರವಿಲ್ಲದ ಹೊಸ ಬಡಾವಣೆಯಲ್ಲಿ ಈ ಗಂಟು ಎಲ್ಲಿದೆ ಎಂದು ತಿಳಿಯದಿದ್ದರೆ ಮಕ್ಕಳು ಹಸಿದು ಮಲಗಬೇಕು. ಸಂಪ್ರದಾಯ ಹುಟ್ಟಿದ್ದೇ ಹೀಗೆ ಎಂದು ಹಟ ಹಿಡಿಯಬೇಕಾಗಿಲ್ಲ, ಹೊಂದಿಕೆಯಂತೂ ಅಚ್ಚುಕಟ್ಟಾಗಿದೆ.

ತೊಡಕು ಬರುವುದು ಮುಹೂರ್ತದಲ್ಲಿ. ಹಾಲು ಉಕ್ಕಿಸಲು ಪಂಚಾಂಗ ಕೊಡುವುದು ಬುಧವಾರ ಬೆಳಗಿನ ಜಾವ. ಸಾಮಾನು ಹೊರಡುವುದು ರಜೆಯಿರುವ ಭಾನುವಾರ. ಆದ್ದರಿಂದ ಒಲೆ ಮತ್ತು ದೇವರು ಆಟೊದಲ್ಲಿ ಮೊದಲು ಹೋಗುತ್ತವೆ, ಮಂಚ ಬೀರುಗಳು ನಿಧಾನವಾಗಿ ಬರುತ್ತವೆ. ನಾಲ್ಕು ದಿನ ಸಂಸಾರಕ್ಕೆ ಎರಡು ಮನೆ! ಆಷಾಢದಲ್ಲಿ ಮನೆ ಹೂಡದವರೂ ಬಹಳ. ಶಾಲೆ ತೆರೆಯುವ ಮುನ್ನ, ಆಷಾಢ ಹುಟ್ಟುವ ಮುನ್ನ ಎಂದು ಎರಡು ಅವಸರಗಳೂ ಬೇಸಿಗೆಯ ಕೊನೆಗೆ ಕೂಡಿಬಿಡುತ್ತವೆ. ಹಿಂದೆ ಎತ್ತಿನಗಾಡಿ, ಆಮೇಲೆ ಮೆಟಡೋರ್, 2005ರಿಂದೀಚೆಗೆ ಟಾಟಾ ಏಸ್. ವಾಹನ ಬದಲಾಯಿತು, ಅವಸರ ಬದಲಾಗಲಿಲ್ಲ.

ಹೊರಡದೆ ಉಳಿಯುವ ಸಾಮಾನಿನ ಕಥೆಯೇ ಬೇರೆ. ಮುಕ್ಕಾದ ವಿಗ್ರಹ, ಗಾಜು ಒಡೆದ ದೇವರ ಪಟ ಪೂಜೆಗೆ ಬಾರವು. ಕಸದ ಗಾಡಿಗೆ ಹಾಕಲು ಕೈ ಬಾರದು. ಹರಿಯುವ ನೀರಿಗೆ ಬಿಡಬೇಕೆಂಬುದು ಪದ್ಧತಿ, ಆದರೆ ಹೊಳೆಯಿಲ್ಲದ ಈ ಊರಿನಲ್ಲಿ ಅವು ಸೇರುವುದು ಅರಳಿಕಟ್ಟೆಯನ್ನು. ಜಯನಗರ, ಬನಶಂಕರಿಯ ಯಾವ ಮರದ ಬುಡ ನೋಡಿದರೂ ನಾಲ್ಕಾರು ಪಟಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ಒರಗಿರುತ್ತವೆ.

ಅವುಗಳ ಮಗ್ಗುಲಲ್ಲಿ ಕೆಲವೊಮ್ಮೆ ಒರಳುಕಲ್ಲೂ ಇರುತ್ತದೆ. ತವರಿನಿಂದ ಅಜ್ಜಿಯ ಜೊತೆ ಬಂದದ್ದು, ನಾಲ್ಕು ಬಾಡಿಗೆ ಮನೆ ಕಂಡದ್ದು, ಮೂರನೇ ಮಹಡಿಯ ಫ್ಲಾಟಿಗೆ ಹತ್ತಲಾರದೆ ಹೋದದ್ದು. ಒಯ್ಯಬೇಕೆಂದು ಅತ್ತೆ, ಎಲ್ಲಿಡುವುದೆಂದು ಸೊಸೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಹೊರುವವರು ಅದಕ್ಕೆ ಬೇರೆ ಕೂಲಿ ಕೇಳಿದಾಗ ವಾದ ಮುಗಿಯುತ್ತದೆ. ಗುಂಡುಕಲ್ಲು ಮಾತ್ರ ಗಾಡಿ ಹತ್ತಿ, ಹೊಸ ಮನೆಯ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತದೆ. ಮರದ ಕೆಳಗಿನ ಒರಳಿನಲ್ಲಿ ಮಳೆನೀರು ನಿಂತು ಕಾಗೆ ಗುಬ್ಬಿಗಳು ಕುಡಿದುಹೋಗುತ್ತವೆ.